ದರ್ಜಿಯ ಮನೆಯ ಕರು

ಬೈಂದೂರು ಪೇಟೆಗೆ ಟೆರಿಲಿನ್ ಹೊಸದಾಗಿ ಬಂದ ಕಾಲದಲ್ಲಿ ನನ್ನ ರವಿಕೆ ಹೊಲಿಯುತ್ತಿದ್ದ ದರ್ಜಿ, ಮೂರು ಸಲ ಬಿಚ್ಚಿ ಹೊಲಿಸಿದರೂ "ಅಡ್ಡಿಲ್ಲೆ ಮಾರಾಯ್ರೆ" ಎಂದು ನಗುತ್ತಿದ್ದರು. ಇವರ ಹೆಂಡತಿ ಪುಣ್ಯವಂತೆ ಎಂದುಕೊಂಡಿದ್ದೆ.

ಒಂದು ಸಂಜೆ ಅವರ ಮನೆಗೇ ಹೋದೆ. ಅಂಗಳದಲ್ಲಿ ಹುಲ್ಲಿನ ಕಟ್ಟು ಬಿಚ್ಚುತ್ತಿದ್ದ ಹೆಂಡತಿಯ ಕಾಲ ಬಳಿ ಹಾವು ಹೊರಬಂತು. ಜಗಲಿಯಲ್ಲಿದ್ದ ದರ್ಜಿ ದಡಕ್ಕನೆ ಎದ್ದು, ಅಂಗಳದಂಚಿಗೆ ಕಟ್ಟಿದ್ದ ಕರುವಿನತ್ತ ತಿರುಗಿ ಕೂಗಿದರು: "ಗೌರಿ, ಅವ್ಳ್ ಕಾಲ್ ಬುಡದಗೆ ಹಾವಿತ್ತ್ ಅಂದ್ ಹೇಳ್!"

ಆಕೆ ಹಿಂದಕ್ಕೆ ಹಾರಿದರು. ಹಾವು ಬೇಲಿ ದಾಟಿದ ಮೇಲೆ ಏದುಸಿರಲ್ಲೇ ಕರುವಿಗೆಂದರು: "ಕಂಡೆ ಅಂದ್ ಹೇಳ್."

ಮುನಿಸಿಕೊಂಡವರು ಕರುವಿನ ನೆಪದಲ್ಲಿ ಮಾತಾಡುವುದು ನಮ್ಮಲ್ಲಿ ಉಂಟು. ಆದರೆ ಹಾವು ಬಂದಾಗಲೂ? ಕೇಳಿದೆ, "ಎಷ್ಟ್ ದಿನ ಆಯ್ತ್ ಅಕ್ಕ, ನೀವಿಬ್ರ್ ಮಾತ್ ಬಿಟ್ಟ್?"

ಆಕೆ ಗೌರಿಯ ಕುತ್ತಿಗೆ ತುರಿಸುತ್ತ ಹೇಳಿದರು: "ಇದ್ರ್ ತಾಯಿ ಇಷ್ಟ್ ಸಣ್ಣದ್ ಇಪ್ಪ ಹೊತ್ತಿಗೆ ಬಿಟ್ಟದ್ದ್."