ಎಮ್ಮೆ ಕಟ್ಟುವ ಕಲ್ಲು

“ಈ ಕಲ್ಲಿನ ಮೇಲೆ ಏನು ಬರೆದಿದೆ, ಓದಿ ಹೇಳಿ” ಎಂದು ಆ ಫ್ರೆಂಚ್ ಎಂಜಿನಿಯರ್ ನಮ್ಮ ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು ಇಂಗ್ಲಿಷಿನಲ್ಲಿ ಕೇಳಿದಾಗ, ಕಲ್ಲಿಗೆ ಕಟ್ಟಿದ್ದ ಎಮ್ಮೆಯೂ ನಾನೂ ಅವನನ್ನು ಒಂದೇ ರೀತಿ ನೋಡಿದೆವು.

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಮಾತು. ಭದ್ರಾವತಿಯ ಕಾರ್ಖಾನೆಗೆ ಯಂತ್ರ ಜೋಡಿಸಲು ಬಂದಿದ್ದ ಅವನನ್ನು, ಅಲ್ಲೇ ಕೆಲಸದಲ್ಲಿದ್ದ ನಮ್ಮ ಭಾವ ಹೊಳಲೂರಿನ ಹತ್ತಿರದ ನಮ್ಮೂರಿಗೆ ಊಟಕ್ಕೆ ಕರೆತಂದಿದ್ದರು. ನಾನು ಶಿವಮೊಗ್ಗದಲ್ಲಿ ಭೂಗೋಳದ ಮೇಷ್ಟ್ರು. ಫ್ರಾನ್ಸಿನ ನದಿಗಳನ್ನು ಬೆತ್ತದ ಸಹಾಯದಿಂದ ಬಾಯಿಪಾಠ ಮಾಡಿಸುತ್ತಿದ್ದ ಪಂಡಿತ. ಪ್ಯಾರಿಸ್ ಬಗ್ಗೆ ವಿಚಾರಿಸಿದೆ. ಅವನು ಅಲ್ಲಿ ರೈಲು ಬದಲಿಸಿದ್ದನಂತೆ, ಅಷ್ಟೆ. ಬದಲಿಗೆ ಮುನ್ನೂರು ಜನರ ತನ್ನ ಹಳ್ಳಿಯ ನಕ್ಷೆ ಬರೆದು ತೋರಿಸಿದ. ಹೊಳೆ, ಚರ್ಚು, ಹಿಟ್ಟಿನ ಗಿರಣಿ, ಕಲ್ಲಿನ ಸೇತುವೆ. ಆ ಸೇತುವೆಯನ್ನು ಎಂದೋ ಕಟ್ಟಿದ ಗಾರೆಯವನು ಪಿಯೆರ್ ಎಂಬುದು ಅಲ್ಲಿಯ ಮಕ್ಕಳಿಗೂ ಗೊತ್ತಂತೆ.

ನಮ್ಮದು ವೀರಗಲ್ಲು. ಕತ್ತಿ ಹಿಡಿದವನ ಕೆಳಗೆ ಎರಡು ಸಾಲು ಹಳೆಯ ಕಾಲದ ಅಕ್ಷರ. ನನಗೆ ಒಂದೂ ತಿಳಿಯಲಿಲ್ಲ. ಅವ್ವನನ್ನು ಕೇಳಿದೆ.

“ಅದಾ? ಎಮ್ಮೆ ಕಟ್ಟೋ ಕಲ್ಲು ಕಣಪ್ಪ. ನಮ್ಮತ್ತೆ ಕಾಲದಿಂದ್ಲೂ ಅಲ್ಲೇ ಐತೆ.”

ಅವನು ಹೋದ ಮೇಲೆ ನಮಗೆ ನಾಚಿಕೆಯಾಯಿತು. ಎಮ್ಮೆಯನ್ನು ಬೇರೆ ಕಡೆ ಕಟ್ಟಿ ಕಲ್ಲು ತೊಳೆದೆವು. ಬೀದಿಯವರೆಲ್ಲ ಸೇರಿ ಎಣ್ಣೆ ಹಚ್ಚಿ, ವಿಭೂತಿ ಬಳಿದು, ಸೋಮವಾರದ ಪೂಜೆ ಶುರುಮಾಡಿದರು. ವರ್ಷದೊಳಗೆ ಅಕ್ಷರಗಳು ಜಿಡ್ಡಿನಲ್ಲಿ ಮುಚ್ಚಿಹೋದವು. ಓದಬಲ್ಲ ಪ್ರೊಫೆಸರೊಬ್ಬರನ್ನು ಕರೆತಂದರೆ, ದೇವರ ಮೈ ಕೆರೆಯಬಾರದೆಂದು ಅವ್ವನೇ ತಡೆದಳು.

ಪಿಯೆರ್ ಹೆಸರು ನನಗಿನ್ನೂ ನೆನಪಿದೆ. ನಮ್ಮೂರಿಗಾಗಿ ಸತ್ತವನ ಹೆಸರು ಎಣ್ಣೆಯಡಿ ಕ್ಷೇಮವಾಗಿದೆ.