ಕಿವಿ ಮೇಸ್ತ್ರಿಯ ಸಿ.ಡಿ. ಪ್ಲೇಯರ್

ಬಸ್ ಡಿಪೋದಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರ ಬಾಯಲ್ಲೂ ಅವನು ಕಿವಿ ಮೇಸ್ತ್ರಿ. ಓಡುತ್ತಿರುವ ಇಂಜಿನ್ನಿಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಒತ್ತಿ, ಅದರ ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಆನಿಸಿ, ಕಣ್ಣು ಮುಚ್ಚಿ ನಿಂತನೆಂದರೆ ಸುತ್ತಲಿನವರು ಕೆಮ್ಮುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದರು. ಆಮೇಲೆ ಅವನು ಪಂಪು ಎಂದರೆ ಪಂಪು, ಬೇರಿಂಗ್ ಎಂದರೆ ಬೇರಿಂಗ್. ಬಿಚ್ಚಿ ನೋಡಿದಾಗ ಸುಳ್ಳಾಗಿದ್ದಿಲ್ಲ. ಮೂವತ್ತು ವರ್ಷ ಆ ಮನುಷ್ಯ ಉಂಡದ್ದು ಕಿವಿಯಿಂದಲೇ ಎನ್ನಬಹುದು.

ಇಂಥವನಿಗೆ ಹುಚ್ಚು ಹಿಡಿಯುವುದಾದರೂ ಇನ್ನೆಲ್ಲಿ ಹಿಡಿದೀತು? ಮನೆಯ ಮುಂದಿನ ಕೋಣೆಯಲ್ಲಿ ಎದೆಯೆತ್ತರದ ಎರಡು ಸ್ಪೀಕರು, ನಡುವೆ ಗಾಜಿನ ಬಾಗಿಲಿನ ಕಪಾಟು, ಅದರೊಳಗೆ ಆಂಪ್ಲಿಫೈಯರ್, ಅದರ ಮೇಲೆ ಪಟ್ಟಾಭಿಷಿಕ್ತನಾಗಿ ಸಿ.ಡಿ. ಪ್ಲೇಯರ್. ಒಬ್ಬರ ಕೈಯಲ್ಲಿ ಎತ್ತಲಾಗದ ಯಂತ್ರ, ಯಾರೋ ಶ್ರೀಮಂತರು ಬಳಸಿ ಬಿಟ್ಟದ್ದು. ಅದನ್ನು ಮನೆ ತುಂಬಿಸಿಕೊಂಡ ದಿನ ಹೆಂಡತಿ, "ಆಯ್ತು, ಇನ್ನು ನಿಮ್ಮ ಎರಡನೇ ಸಂಸಾರ ಶುರು" ಎಂದಿದ್ದಳು. ಅವಳು ತಮಾಷೆಗೆಂದದ್ದು ನಿಜವಾಗಲು ಹೆಚ್ಚು ದಿನ ಹಿಡಿಯಲಿಲ್ಲ.

ಹೋದ ವರ್ಷದಿಂದ ಆ ಎರಡನೇ ಸಂಸಾರದಲ್ಲಿ ಸುಖವಿರಲಿಲ್ಲ. ಮೇಸ್ತ್ರಿಗೆ ಪ್ರಿಯವಾದ ಒಂದು ಡಿಸ್ಕ್ ಇತ್ತು. ಹಾಡುಗಾತಿಯ ದನಿ ಏಳುವ ಮುಂಚೆ ಪುಟ್ಟ ಗಂಟೆಯೊಂದು ಮೂರು ಸಲ ಕಿಣಿ ಎನ್ನುತ್ತಿತ್ತು. ಒಂದು ದಿನ ನೋಡುತ್ತಾನೆ, ಗಂಟೆಯೇ ಇಲ್ಲ. ಹಾಡೂ ಕಂಬಳಿ ಹೊದ್ದು ಕೂತ ಹಾಗಿದೆ. ಯಂತ್ರಕ್ಕೆ ವಯಸ್ಸಾಯಿತು ಎಂದುಕೊಂಡ. ವೈರು ಬದಲಾಯಿಸಿದ, ಗಂಟೆ ಬರಲಿಲ್ಲ. ಒಳಗಿನ ಹಳೆಯ ಕೆಪ್ಯಾಸಿಟರುಗಳನ್ನು ಕಿತ್ತು ಹೊಸವನ್ನು ಬೆಸೆದ, ಬರಲಿಲ್ಲ. ಸಣ್ಣ ಸ್ವರಗಳಿಗೆ ಅಡ್ಡ ಬರುತ್ತವೆ ಎಂದು ಇನ್ನೆರಡನ್ನು ಕತ್ತರಿಸಿಯೇ ಹಾಕಿದ. ಆಂಪ್ಲಿಫೈಯರಿನಲ್ಲಿ ಸಣ್ಣ ಸ್ವರಗಳನ್ನು ಏರಿಸುವ ಟ್ರೆಬಲ್ ತಿರುಪನ್ನು ತಿರುಗಿಸಿಬಿಡಬಹುದಿತ್ತಲ್ಲ ಎನ್ನಬೇಡಿ. ತಿರುಪು ಮುಟ್ಟುವುದು ಅವನ ಮಟ್ಟಿಗೆ ಕಳ್ಳಾಟ, ಮರ್ಯಾದಸ್ಥರು ಯಂತ್ರವನ್ನೇ ರಿಪೇರಿ ಮಾಡುತ್ತಾರೆ.

ಈಗ ಉಳಿದದ್ದು ದನಿ ಹೊರಬೀಳುವ ಜಾಗದಲ್ಲಿರುವ ಎಂಟು ಕಾಲಿನ ಪುಟ್ಟ ಐ.ಸಿ. ಚಿಪ್ಪುಗಳು. ಅತಿ ಚೂಪಾದ ದನಿಯ ಚಿಪ್ಪು ಎಂದು ಹೆಸರು ಮಾಡಿದ್ದನ್ನೇ ಹುಡುಕಿ ತರಿಸಿದ್ದ. ರಜೆಯ ದಿನ, ತಿಂಡಿಯಾದ ಕೂಡಲೇ ಊಟದ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ, ಪ್ಲೇಯರಿನ ಹೊಟ್ಟೆ ತೆರೆದು, ಸೋಲ್ಡರಿಂಗ್ ಐರನ್ ಕಾಯಲಿಟ್ಟು ಕೂತ.

ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. "ರೀ, ನಿನ್ನೆ ನನ್ನ ತಮ್ಮನ ಬಸ್ಸು ಸರಿಯಾಗಿ ನೋಡಿದ್ರಾ?"

ಮೇಸ್ತ್ರಿ ತಲೆಯೆತ್ತಲಿಲ್ಲ. "ನೋಡ್ದೆ."

"ಚಕ್ರದ ಹತ್ರ ಏನೋ ಸದ್ದು ಅಂತಿದ್ದ. ಇವತ್ತು ಬೆಟ್ಟದ ದಾರಿ ಅವನಿಗೆ. ಬಸ್ಸು ತುಂಬ ಜನ."

"ನೋಡ್ದೆ ಅಂದ್ನಲ್ಲ! ಎಷ್ಟು ಸಲ ಹೇಳಬೇಕು?"

ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. ಅವಳು ಒಳಗೆ ಹೋದಳು. ಮೇಸ್ತ್ರಿ ಮೊದಲ ಚಿಪ್ಪಿನ ಕಾಲಿಗೆ ಬಿಸಿ ತಾಗಿಸಿದ. ಐರನ್ ಜಾರಿ ಪಕ್ಕದ ಕಾಲಿನ ಬೆಸುಗೆಯೂ ಕರಗಿತು.

ನಿನ್ನೆ ಸಂಜೆ ನಡೆದದ್ದು ಬೇಡವೆಂದರೂ ಕಣ್ಣ ಮುಂದೆ ಬರುತ್ತಿತ್ತು. ಅದೇ ಡಿಪೋದಲ್ಲಿ ಡ್ರೈವರಾಗಿರುವ ಭಾವಮೈದುನ ಬಸ್ಸನ್ನು ಗ್ಯಾರೇಜಿನಲ್ಲಿ ಮೆಲ್ಲಗೆ ಓಡಿಸಿದ್ದ, ಮೇಸ್ತ್ರಿ ಹಿಂದಿನ ಎಡ ಚಕ್ರದ ಪಕ್ಕದಲ್ಲೇ ನಡೆದಿದ್ದ. ನಾಲ್ಕಾರು ಜನ ನಿಂತು ನೋಡುತ್ತಿದ್ದರು. "ಕೀ ಅಂತಿದೆ ನೋಡಿ ಭಾವ, ಸಣ್ಣಗೆ. ಕೇಳ್ತಾ?" ಮೇಸ್ತ್ರಿ ಕಿವಿಗೊಟ್ಟ. ಟೈರಿನ ಗುಂಯ್ ಇತ್ತು, ಇಂಜಿನ್ನಿನ ಗುಡುಗುಡು ಇತ್ತು. ಕೀ ಎಂಬುದು ಎಲ್ಲೂ ಇರಲಿಲ್ಲ. ಇನ್ನೊಂದು ಸಲ ಓಡಿಸು ಅನ್ನಬಹುದಿತ್ತು. ಚಕ್ರ ಬಿಚ್ಚಿ ಅನ್ನಬಹುದಿತ್ತು. ಅಷ್ಟು ಜನರ ಮುಂದೆ ಕಿವಿ ಮೇಸ್ತ್ರಿಗೆ ಕೇಳಿಸಲಿಲ್ಲವಂತೆ ಎಂಬ ಮಾತು ಹುಟ್ಟುವುದು ಅವನಿಗೆ ಬೇಕಿರಲಿಲ್ಲ. "ಏನೂ ಇಲ್ಲ, ತಗೊಂಡು ಹೋಗು" ಎಂದುಬಿಟ್ಟಿದ್ದ. ಭಾವಮೈದುನ ತಲೆಯಾಡಿಸಿ ಹೋಗಿದ್ದ.

ಏನೂ ಇಲ್ಲದ್ದಕ್ಕೇ ಏನೂ ಇಲ್ಲ ಎಂದೆ, ಅಷ್ಟೆ ತಾನೆ? ಹಾಗೆಂದು ತನಗೇ ಹೇಳಿಕೊಳ್ಳುತ್ತ ಮೇಸ್ತ್ರಿ ಎಲ್ಲ ಚಿಪ್ಪುಗಳನ್ನೂ ಕೂರಿಸಿದ. ಮುಚ್ಚಳ ಬಿಗಿದು, ಮಗಳ ಜೊತೆ ಸೇರಿ ಯಂತ್ರವನ್ನು ಕಪಾಟಿಗೆ ಎತ್ತಿಟ್ಟ.

"ಬನ್ನಿ ಇಬ್ಬರೂ. ಕೇಳಿ ಹೇಳಬೇಕು."

ಕರೆದಾಗ ಬಂದು ಕೂರುವುದು ಆ ಮನೆಯ ಕಟ್ಟಳೆ. ಸೋಫಾದಲ್ಲಿ ತಾಯಿ ಮಗಳು ಅಕ್ಕಪಕ್ಕ ಕೂತರು. ಮಗಳು ಕೂದಲನ್ನು ಕಿವಿಯ ಮೇಲೆ ಎಳೆದುಕೊಂಡಳು, ತಾಯಿ ಸೆರಗನ್ನು ತಲೆಯ ಮೇಲೆ ತಂದುಕೊಂಡಳು. ಮೇಸ್ತ್ರಿಗೆ ಅದೇನೂ ಹೊಸದಾಗಿ ಕಾಣಲಿಲ್ಲ. ಡಿಸ್ಕ್ ಹಾಕಿ, ಕಪಾಟಿನ ಗಾಜಿನ ಬಾಗಿಲು ಮುಚ್ಚಿ, ಅದರ ಮುಂದೆಯೇ ಮಂಡಿಯೂರಿ ಕೂತ.

ಯಂತ್ರ ಡಿಸ್ಕನ್ನು ತಿರುಗಿಸಿತು. ಪರದೆಯ ಮೇಲೆ ಅಂಕಿ ಓಡತೊಡಗಿತು. ಮೇಸ್ತ್ರಿ ಉಸಿರು ಹಿಡಿದು ಗಂಟೆಗಾಗಿ ಕಾದ. ನಿಶ್ಶಬ್ದ. ಬರೀ ನಿಶ್ಶಬ್ದ. ಅಷ್ಟರಲ್ಲಿ ಅವನ ಕಣ್ಣು ಗಾಜಿನ ಮೇಲೆ ಬಿತ್ತು. ಗಾಜಿನಲ್ಲಿ ಹಿಂದಿನ ಸೋಫಾ ಕಾಣುತ್ತಿತ್ತು. ಹೆಂಡತಿಯ ಮುಖವೂ ಮಗಳ ಮುಖವೂ ಸೂಜಿ ಚುಚ್ಚಿದಂತೆ ಒಟ್ಟಿಗೇ ಕಿವುಚಿಕೊಂಡವು. ಸಡಿಲವಾದವು. ಮತ್ತೆ ಕಿವುಚಿಕೊಂಡವು. ಮತ್ತೊಮ್ಮೆ. ಆಮೇಲೆ ಹಾಡುಗಾತಿಯ ದನಿ ಎದ್ದಿತು.

ಮೂರು ಸಲ.

ಮೇಸ್ತ್ರಿ ಗಕ್ಕನೆ ತಿರುಗಿದ. ಇಬ್ಬರೂ ಅವಸರದಲ್ಲಿ ನಗು ತಂದುಕೊಂಡರು. "ಚೆನ್ನಾಗಿದೆ ಅಪ್ಪ" ಎಂದಳು ಮಗಳು, ಕಿವುಡರೊಂದಿಗೆ ಮಾತಾಡುವವಳಂತೆ ಜೋರಾಗಿ. ಅವನು ಎದ್ದು ಹೋಗಿ ಅವಳ ಕೂದಲು ಸರಿಸಿದ. ಕಿವಿಯಲ್ಲಿ ಹತ್ತಿ ಇತ್ತು.

"ಎಷ್ಟು ದಿನದಿಂದ?"

ಮಗಳು ಅಮ್ಮನ ಕಡೆ ನೋಡಿದಳು. ಹೆಂಡತಿ ಸೆರಗಿನ ಒಳಗಿನಿಂದ ತನ್ನ ಹತ್ತಿಯನ್ನೂ ತೆಗೆದು ಮಡಿಲಲ್ಲಿಟ್ಟುಕೊಂಡಳು. "ನೀವು ಆ ಕೆಪ್ಯಾಸಿಟರೋ ಏನೋ ಕತ್ತರಿಸಿದಾಗಿಂದ. ಆ ಗಂಟೆ ತಲೆಗೇ ಹೊಡೆಯುತ್ತೆ ಕಣ್ರೀ. ನಿಮ್ಮ ಕಿವಿ ಮುಂದೆ ನಮ್ಮದೇನು, ನಮಗೇ ಏನೋ ಆಗಿದೆ ಅಂದ್ಕೊಂಡು ಸುಮ್ಮನಿದ್ವಿ."

ಹಾಡು ನಡೆದೇ ಇತ್ತು. ಗಂಟೆ ಇದೆ. ಯಾವಾಗಲೂ ಇತ್ತು, ಮೇಸ್ತ್ರಿಯ ಕಿವಿಗೆ ಬೀಳುತ್ತಿರಲಿಲ್ಲ ಅಷ್ಟೆ. ಹಾಗಾದರೆ ನಿನ್ನೆಯ ಕೀ ಕೂಡ ಇತ್ತು.

ಭಾವಮೈದುನನಿಗೆ ಫೋನ್ ಹಚ್ಚಿದ. ಸ್ವಿಚ್ ಆಫ್. ಸ್ಟಿಯರಿಂಗ್ ಹಿಡಿದರೆ ಫೋನ್ ಆರಿಸಿಡುವ ಶಿಸ್ತಿನವನು, ಆ ಶಿಸ್ತು ಕಲಿಸಿದವನೂ ಇದೇ ಭಾವ. ಗಡಿಯಾರ ನೋಡಿದ. ಬಸ್ಸು ಬೆಟ್ಟದ ಬುಡದ ತಪಾಸಣೆ ಗೇಟು ಮುಟ್ಟುವ ಹೊತ್ತು, ಮುಟ್ಟಿ ದಾಟಿದರೂ ದಾಟಿರಬಹುದು. ದಾಟಿದರೆ ಮೇಲಿನ ತಿರುವುಗಳಲ್ಲಿ ಬಸ್ಸು ತಿರುಗಿಸಲೂ ಜಾಗವಿಲ್ಲ, ಫೋನೂ ಹತ್ತುವುದಿಲ್ಲ. ಹೆಂಡತಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಅವಳು ಎದ್ದು ನಿಂತಿದ್ದಳು, ಬಾಯಿಗೆ ಸೆರಗು ಒತ್ತಿಕೊಂಡು.

ಡಿಪೋಗೆ ಫೋನ್ ಮಾಡಿದ. ಸೂಪರ್‌ವೈಸರ್ ಎತ್ತಿಕೊಂಡ.

"ಬೆಟ್ಟದ ಬಸ್ಸು ಗೇಟಲ್ಲಿ ನಿಲ್ಲಿಸಿ ಸರ್. ಹಿಂದಿನ ಎಡ ಚಕ್ರ. ಬೇರಿಂಗ್ ಹೋಗಿದೆ."

"ಯಾವ ಚಕ್ರ? ನಿನ್ನೆ ನೀವೇ ಸರಿಯಿದೆ ಅಂದ್ರಲ್ಲ ಮೇಸ್ತ್ರಿ?"

ಇಲ್ಲೊಂದು ಸುಳ್ಳಿಗೆ ಜಾಗವಿತ್ತು. ಈಗ ಅನುಮಾನ ಬಂತು, ಯಾರೋ ಹೇಳಿದರು ಎಂದು ಏನಾದರೂ ಹೊಸೆಯಬಹುದಿತ್ತು. ಅನುಮಾನಕ್ಕೆಲ್ಲ ತುಂಬಿದ ಬಸ್ಸು ನಿಲ್ಲಿಸುವ ಮನುಷ್ಯ ಈ ಸೂಪರ್‌ವೈಸರ್ ಅಲ್ಲ ಎಂಬುದು ಮೇಸ್ತ್ರಿಗೆ ಚೆನ್ನಾಗಿ ಗೊತ್ತು.

"ನನಗೆ ಕೇಳಿಸಲಿಲ್ಲ ಸರ್" ಎಂದ. "ಸದ್ದು ಇತ್ತು. ನನ್ನ ಕಿವಿ ಹೋಗಿದೆ. ಕೇಳಿಸದೇನೇ ಸರಿಯಿದೆ ಅಂದ್ಬಿಟ್ಟೆ. ಕಾಲಿಗೆ ಬೀಳ್ತೀನಿ, ಮೊದಲು ಬಸ್ಸು ನಿಲ್ಲಿಸಿ."

ಆ ಕಡೆ ಫೋನ್ ಇಟ್ಟ ಸದ್ದು.

ಮನೆಯಲ್ಲಿ ಯಾರೂ ಕೂರಲಿಲ್ಲ. ಮಗಳು ಹೋಗಿ ಹಾಡು ನಿಲ್ಲಿಸಿದಳು. ಒಲೆಯ ಮೇಲಿನ ಕುಕ್ಕರ್ ಸೀಟಿ ಹಾಕಿತೇನೋ, ಮಗಳು ಓಡಿಹೋಗಿ ಗ್ಯಾಸ್ ಆರಿಸಿದಳು. ಅದರ ಸೀಟಿ ಕೂಡ ಮೇಸ್ತ್ರಿಗೆ ದೂರದಲ್ಲೆಲ್ಲೋ ಉಸಿರು ಬಿಟ್ಟಂತೆ ಕೇಳಿತು. ಇದನ್ನೂ ಇಷ್ಟು ದಿನ ಕುಕ್ಕರಿನ ತಪ್ಪು ಎಂದುಕೊಂಡಿದ್ದ, ಮೊನ್ನೆ ಅದಕ್ಕೆ ಹೊಸ ವಾಷರನ್ನೂ ತಂದಿದ್ದ. ಹೆಂಡತಿ ಅವನ ಮುಖ ನೋಡುತ್ತಿರಲಿಲ್ಲ. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ಅವನಿಗೆ.

ಕೊನೆಗೂ ಫೋನ್ ಬಂತು. ಹೆಂಡತಿಯೇ ಕಿತ್ತುಕೊಂಡು, "ಎಲ್ಲಿದ್ದೀಯೋ?" ಎಂದಳು. ಕೇಳುತ್ತ ಕೇಳುತ್ತ ಗೋಡೆಗೆ ಒರಗಿ ಹಾಗೇ ನೆಲಕ್ಕೆ ಕುಸಿದು ಅಳತೊಡಗಿದಳು. ಮೇಸ್ತ್ರಿ ಅವಳ ಪಕ್ಕ ಮಂಡಿಯೂರಿದ. ಅವಳು ಅಳುತ್ತಲೇ ಫೋನನ್ನು ಅವನತ್ತ ಚಾಚಿದಳು. "ಗೇಟಲ್ಲಿ ಇದಾನೆ. ಚೆನ್ನಾಗಿದಾನೆ."

"ಭಾವ," ಎಂದ ಭಾವಮೈದುನ, "ಗೇಟಿನ ಕೋಲು ಎತ್ತಿಯಾಗಿತ್ತು. ಇನ್ನೇನು ಹೊರಡಬೇಕು, ಅಷ್ಟರಲ್ಲಿ ಕೂಗಿ ನಿಲ್ಲಿಸಿದ್ರು. ಚಕ್ರದ ಮೇಲೆ ನೀರು ಹಾಕಿದ್ರೆ ಚುರ್ ಅಂತ ಹೊಗೆ. ಇಳಿಜಾರಲ್ಲಿ ಕಳಚಿಕೊಂಡಿದ್ರೆ..."

"ದಾರೀಲಿ ಸದ್ದು ಕೇಳ್ತಿತ್ತೇನೋ?"

"ಕೇಳ್ತಾನೇ ಇತ್ತು ಭಾವ, ಊರು ಬಿಟ್ಟಾಗಿಂದ. ನೀವು ಏನೂ ಇಲ್ಲ ಅಂದ್ಮೇಲೆ ನಾನು ನನ್ನ ಕಿವೀನೇ ನಂಬಲಿಲ್ಲ."

ಮೇಸ್ತ್ರಿ ಫೋನನ್ನು ಮಗಳ ಕೈಗೆ ಕೊಟ್ಟ. ಅವನಿಗೆ ತಾಳಲಾರದ ನಾಚಿಕೆಯಾಯಿತು. ಕಿವಿ ಹೋದದ್ದಕ್ಕಲ್ಲ, ಅದು ವಯಸ್ಸಿನ ಕೆಲಸ, ಇಂಜಿನ್ನುಗಳ ಕೆಲಸ. ತನ್ನ ಒಂದು ಮಾತಿಗೆ ಹೆದರಿ ಇಷ್ಟು ಜನ ತಂತಮ್ಮ ಕಿವಿಗೆ ಹತ್ತಿ ತುರುಕಿಕೊಂಡು ಕೂತಿದ್ದರಲ್ಲ, ಅದಕ್ಕೆ.

ನಾಳೆ ಸೂಪರ್‌ವೈಸರ್ ಮುಂದೆ ನಿಲ್ಲಬೇಕು. ಕಿವಿಯ ಡಾಕ್ಟರ ಮುಂದೆ ಕೂರಬೇಕು. ಸ್ಕ್ರೂಡ್ರೈವರನ್ನು ಇನ್ಯಾರಿಗೋ ಒಪ್ಪಿಸಬೇಕಾದೀತು. ಅದೆಲ್ಲ ನಾಳೆ. ಊಟ ಮುಗಿಸಿ ಅವನು ಮತ್ತೆ ಟವೆಲ್ ಹಾಸಿದ, ಪ್ಲೇಯರ್ ಇಳಿಸಿದ, ಐರನ್ ಕಾಯಲಿಟ್ಟ. ಹೊಸ ಚಿಪ್ಪುಗಳನ್ನು ಒಂದೊಂದಾಗಿ ಕಿತ್ತ. ಡಬ್ಬಿಯಲ್ಲಿದ್ದ ಹಳೆಯವನ್ನು ಅವುಗಳ ಜಾಗಕ್ಕೇ ಕೂರಿಸಿದ. ಕತ್ತರಿಸಿದ್ದ ಎರಡು ಕೆಪ್ಯಾಸಿಟರುಗಳನ್ನೂ ಬೆಸೆದ. ಈ ಸಲ ಐರನ್ ಜಾರಲಿಲ್ಲ.

"ಬನ್ನಿ" ಎಂದು ಕರೆದ. "ಹತ್ತಿ ಬೇಡ. ಕಿರಿಕಿರಿಯಾದ್ರೆ ಬೈದು ಹೇಳಿ."

ಈಗ ಅವನು ಕಪಾಟಿಗೆ ಬೆನ್ನು ಮಾಡಿ, ಹೆಂಡತಿಯ ಎದುರಿಗೆ ನೆಲದ ಮೇಲೆ ಕೂತ. ಅವಳ ಕಣ್ಣು ಇನ್ನೂ ಕೆಂಪಗಿತ್ತು. ಮಗಳು ಡಿಸ್ಕ್ ಹಾಕಿದಳು. ಮೇಸ್ತ್ರಿಗೆ ಏನೂ ಕೇಳಲಿಲ್ಲ. ಹೆಂಡತಿ ಅವನ ಮುಖವನ್ನು ಒಂದು ಕ್ಷಣ ನೋಡಿದಳು. ಆಮೇಲೆ ಕೈ ಚಾಚಿ ಅವನ ಅಂಗೈ ಹಿಡಿದು, ಬೆರಳಿನಿಂದ ಅದರ ಮೇಲೆ ಮೆತ್ತಗೆ ಮೂರು ಸಲ ತಟ್ಟಿದಳು. ಹಾಡು ಶುರುವಾಯಿತು.