ಬಾರದ ತಿಂಗಳಿನ ಹಕ್ಕಿಗಳು

ಭಾವ ಬಹ್ರೈನಿನಿಂದ ತಂದ ಜಪಾನಿ ಕ್ಯಾಲೆಂಡರು ಕಾಪುವಿನ ನಮ್ಮ ಮನೆಯ ಚಾವಡಿಯಲ್ಲಿ ಒಂದು ವರ್ಷ ತೂಗಿತು. ಇಸವಿ ಎಂಬತ್ತರ ಆಚೀಚೆ ಇರಬೇಕು. ತಿಂಗಳಿಗೊಂದು ಹಕ್ಕಿ, ಜೊತೆಗೊಂದು ಹೂವು. ಎಲ್ಲ ಹಳೆಯ ಮರದಚ್ಚಿನ ಚಿತ್ರಗಳ ನಕಲು. ಬಂದವರು ಹೊಗಳಿದರೆ ನಾನೇ ಬರೆದವನಂತೆ ಉಬ್ಬುತ್ತಿದ್ದೆ.

ಕಾರ್ಕಳದಲ್ಲಿದ್ದ ನನ್ನ ಹಳೆಯ ಡ್ರಾಯಿಂಗ್ ಮಾಸ್ಟ್ರಿಗೆ ಸುದ್ದಿ ಮುಟ್ಟಿಸಿದವನೂ ನಾನೇ. ಅವರು ಅಂಥ ಚಿತ್ರಗಳನ್ನು ಪುಸ್ತಕದ ಕಪ್ಪುಬಿಳುಪಿನಲ್ಲಿ ಮಾತ್ರ ಕಂಡವರು. ಆಗಲೇ ಅವರ ಕಣ್ಣು ಮಂಜಾಗುತ್ತಿತ್ತು. ಉಳಿದ ದೃಷ್ಟಿಯೂ ಹೆಚ್ಚು ಕಾಲ ಇರುವುದಿಲ್ಲವೆಂದು ಮಣಿಪಾಲದ ಡಾಕ್ಟರು ಹೇಳಿದ್ದರು.

"ಒಮ್ಮೆ ತಂದು ತೋರಿಸು ಮಾರಾಯ, ಬಣ್ಣ ಕಾಣುವಾಗಲೇ," ಎಂದರು.

ಅಮ್ಮ ಒಪ್ಪಲಿಲ್ಲ. "ಬಾರದ ತಿಂಗಳನ್ನು ಗೋಡೆಯಿಂದ ಇಳಿಸುವುದುಂಟಾ? ಮುಗಿದದ್ದನ್ನು ಬೇಕಾದರೆ ಕೊಂಡುಹೋಗು."

ಅದು ಶಾಲೆ ಶುರುವಾದ ಜೂನ್. ಮುಗಿದ ಐದೂ ಹಾಳೆ ಅಕ್ಕನ ಮಗಳ ಪುಸ್ತಕಗಳಿಗೆ ಬೈಂಡಾಗಿದ್ದವು, ಪದ್ಧತಿಯಂತೆ ಚಿತ್ರ ಒಳಗೆ, ಬಿಳಿ ಹೊರಗೆ. ಎರಡು ಪುಸ್ತಕ ಎರವಲು ಪಡೆದು ಭಾನುವಾರ ಬಸ್ಸು ಹತ್ತಿದೆ. ಮಾಸ್ಟ್ರು ಬೈಂಡು ಬಿಚ್ಚಿ ಕಿಟಕಿಯ ಬಳಿ ಹಿಡಿದರು. ಮಿಂಚುಳ್ಳಿಯ ಕೊಕ್ಕು ಮಡಿಕೆಯಲ್ಲಿ ಮುರಿದಿತ್ತು, ಹೂವಿನ ಮೇಲೆ ಮೈದಾದ ಅಂಟು. ಆದರೂ ಅವರು ಆ ನೀಲಿಯಿಂದ ಕಣ್ಣು ತೆಗೆಯಲಿಲ್ಲ.

"ಉಳಿದದ್ದು?"

"ವರ್ಷ ಮುಗಿಯಲಿ ಸರ್. ಮಡಿಸದೆ ತರ್ತೇನೆ."

ಅಮ್ಮನ ಮಾತನ್ನು ನಾನು ಬೇರೆ ಯಾವ ವಿಷಯದಲ್ಲೂ ಅಷ್ಟು ಪಾಲಿಸಿದವನಲ್ಲ. ಒಂದು ಭಾನುವಾರದ ಮಟ್ಟಿಗೆ ಇಳಿಸಿದ್ದರೆ ನಮ್ಮ ಗಂಟೇನೂ ಹೋಗುತ್ತಿರಲಿಲ್ಲ. ಖಾಲಿ ಗೋಡೆ ನನಗೇ ಬೇಡವಾಗಿತ್ತು, ಅಷ್ಟೆ.

ಹೊಸ ವರ್ಷದ ಮೊದಲ ವಾರ ಏಳು ಹಾಳೆಗಳನ್ನು ಸುರುಳಿ ಸುತ್ತಿಕೊಂಡು ಹೋದೆ. ಮಾಸ್ಟ್ರನ್ನು ಅವರ ಹೆಂಡತಿ ಕೈಹಿಡಿದು ತಂದು ಕುರ್ಚಿಯಲ್ಲಿ ಕೂರಿಸಿದರು. ನನಗೆ ಯಾರೂ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಒಂದು ಹಾಳೆಯನ್ನು ಅವರ ತೊಡೆಯ ಮೇಲೆ ಹರಡಿ, ಬೆಳ್ಳಕ್ಕಿ ಎಂದೆ. ಅವರ ಮುಖ ಅರಳಿತು.

"ಬಿಳಿ ಗರಿಗೆ ಜಪಾನಿನವರು ಬಣ್ಣ ಹಾಕುವುದಿಲ್ಲ. ಕಾಗದವನ್ನೇ ಅಚ್ಚಿಗೆ ಒತ್ತಿ ಗರಿಯನ್ನು ಉಬ್ಬಿಸುತ್ತಾರೆ. ಬೆರಳಿಗೆ ಸಿಗ್ತದೆ," ಎನ್ನುತ್ತ ಹುಡುಕತೊಡಗಿದರು. ನುಣುಪು ಹಾಳೆಯ ಮೇಲೆ ಬೆರಳು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹೋಯಿತು.

"ಎಲ್ಲಿ ಉಂಟು?"

ಇದು ಮಿಷನಿನಲ್ಲಿ ಹೊಡೆದದ್ದು ಎನ್ನಲು ನನಗೆ ಬಾಯಿ ಬರಲಿಲ್ಲ. ಅವರ ಬೆರಳು ಹಿಡಿದು ರೆಕ್ಕೆಯ ಮೇಲಿಟ್ಟೆ. "ಇಲ್ಲಿ ಸರ್."

ಸ್ವಲ್ಪ ಹೊತ್ತು ಬೆರಳು ಅಲ್ಲೇ ಇತ್ತು.

"ಹೌದು, ಸಿಕ್ಕಿತು," ಎಂದರು, ನನ್ನನ್ನು ಸಮಾಧಾನ ಮಾಡುವವರ ಹಾಗೆ. ಅಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ.